ಖಾಲಿ ಹಾಳೆಯ ಸಾಕ್ಷಿ

ತೊಂಬತ್ತರ ದಶಕದಲ್ಲಿ ದೆಹಲಿಯ ಸಮ್ಮಿಶ್ರ ಸರ್ಕಾರಕ್ಕೆ ನಮ್ಮ ಪಕ್ಷವೂ ಸೇರಿದಾಗ ದೇವನಹಳ್ಳಿ ತಾಲ್ಲೂಕಿನ ನಮ್ಮ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನಿಂತು ಪೇಡ ಹಂಚಿದವಳು ನಾನು. ಉದಾರವಾದಿಗಳ ಪುಟ್ಟ ಪಕ್ಷ. ಬೆರಳೆಣಿಕೆಯ ಸಂಸದರು, ಒಬ್ಬ ಮಂತ್ರಿ. ಒಬ್ಬ ಮನುಷ್ಯನ ಹಕ್ಕು ಇಡೀ ಸರ್ಕಾರಕ್ಕಿಂತ ದೊಡ್ಡದು ಎಂದು ಅವರ ಕರಪತ್ರದಲ್ಲಿತ್ತು. ಅದನ್ನು ಕಣ್ಣುಮುಚ್ಚಿ ನಂಬಿದ್ದೆ. ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ವರ್ಷವೇ ಕೇಂದ್ರದ ಕಾರ್ಖಾನೆಯೊಂದಕ್ಕೆ ನಮ್ಮೂರಿನ ಜಮೀನು ಬೇಕಂತೆ ಎಂಬ ಸುದ್ದಿ ಬಂತು. ಪಕ್ಕದ ಮನೆಯ ಅಜ್ಜಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಎರಡೆಕರೆ ಹಿಪ್ಪುನೇರಳೆ ತೋಟ, ಅದರ ಸೊಪ್ಪಿನಲ್ಲೇ ಜೀವನ. ನಾನು ಪಕ್ಷದ ತಾಲ್ಲೂಕು ಮುಖಂಡರ ಬಳಿಗೆ ಓಡಿದೆ.

"ಮಂತ್ರಿಗಳು ನಮ್ಮೋರೇ ಕಣಮ್ಮಾ. ಜಮೀನು ಕೊಡಲ್ಲ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಸಿ ಕಳಿಸ್ತೀನಿ. ನೀನು ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಹಾಕಿಸ್ಕೊಂಡು ಬಾ ಸಾಕು," ಎಂದರು.

ನಮ್ಮ ಕಡೆ ಯಾರಾದರೂ ಹೆಬ್ಬೆಟ್ಟು ಒತ್ತಿದರೆ, ಓದುಬರಹ ಬಲ್ಲವರು ಪಕ್ಕದಲ್ಲಿ ಅವರ ಹೆಸರು ಬರೆದು, ತಾವೇ ಸಾಕ್ಷಿಯೆಂದು ಸಹಿ ಹಾಕುತ್ತಾರೆ. ಊರಿನ ಸೊಸೆಯರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದವಳು ನಾನೊಬ್ಬಳೇ. ಮನೆಮನೆಗೂ ಹೋದೆ. ಅಜ್ಜಿ ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿತು.

"ಇದ್ರಾಗೆ ಏನೂ ಬರ್ದೇ ಇಲ್ವಲ್ಲವ್ವಾ?"

"ಆಮೇಲೆ ಬರೀತಾರೆ ಕಣಜ್ಜಿ. ನಮ್ಮೋರೇ," ಎಂದೆ. ಅದೆಷ್ಟು ಜಂಬದಿಂದ ಹೇಳಿದೆನೋ!

ಆ ಹಾಳೆಗಳ ಮೇಲೆ ಟೈಪಾದದ್ದು ಜಮೀನು ಬಿಟ್ಟುಕೊಡುವ ಒಪ್ಪಿಗೆಪತ್ರ. ದೇವನಹಳ್ಳಿಯ ಕಚೇರಿಗೆ ನಮ್ಮನ್ನು ವಿಚಾರಣೆಗೆ ಕರೆದ ದಿನವೇ ಅದು ಗೊತ್ತಾದದ್ದು. ಮುಖಂಡರು ಬಾಗಿಲ ಹೊರಗೇ ನಿಂತಿದ್ದರು. ಹಿಡಿದು ಕೇಳಿದೆ.

"ಸರ್ಕಾರದಲ್ಲಿ ಕೂತ್ಮೇಲೆ ಕಾರ್ಖಾನೆ ಬೇಡ ಅನ್ನಕ್ಕಾಗುತ್ತೇನಮ್ಮಾ? ಮಂತ್ರಿಗಿರಿ ಉಳೀಬೇಕಲ್ಲ," ಎಂದರು. ನಾಚಿಕೆಯ ಸುಳಿವೂ ಇರಲಿಲ್ಲ. ಅವರ ಮುಖಕ್ಕೆ ಉಗಿಯಬೇಕಿತ್ತು, ಉಗಿಯಲಿಲ್ಲ.

ಒಳಗೆ ಹೋಗಿ, "ಇದು ಮೋಸ ಸ್ವಾಮಿ, ನಾವು ಕೊಟ್ಟಾಗ ಹಾಳೆ ಖಾಲಿ ಇತ್ತು," ಎಂದು ಕೂಗಾಡಿದೆ. ಅಧಿಕಾರಿ ಅಜ್ಜಿಯ ಹಾಳೆಯನ್ನೇ ಮೇಲೆತ್ತಿ ಹಿಡಿದರು.

"ಸಾಕ್ಷಿ ಸೈನು ನಿಮ್ದು ಹೌದೋ ಅಲ್ವೋ?"

ಅವರು ನನ್ನನ್ನು ಸುಳ್ಳುಗಾತಿ ಎನ್ನುತ್ತಿದ್ದಾರೆಂದುಕೊಂಡ ಅಜ್ಜಿ ಸಿಟ್ಟಿನಿಂದ ಎದ್ದು ನಿಂತಿತು.

"ಅವಳ್ದೇ ಸ್ವಾಮಿ! ನಮ್ಮುಡುಗಿ ಸೈನು ಹಾಕವ್ಳೆ ಅಂದ್ರೆ ಅದ್ರಾಗೆ ಸುಳ್ಳಿರಾಕಿಲ್ಲ."

ಗುಮಾಸ್ತ ಆ ಮಾತನ್ನೂ ಬರೆದುಕೊಂಡು, ಅದರ ಕೆಳಗೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡ.