ಕೆಂಪು ಸೀರೆ ಮತ್ತು ಖಾಲಿ ಕಣ

ದೆವ್ವ, ಶಕುನ, ಕನಸಿನ ಫಲ ಎಲ್ಲವೂ ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದವಳು ನಾನು. ಹಾಸನದ ಕಾಲೇಜಿನಲ್ಲಿ ವಿಜ್ಞಾನ ಓದುವ ಹುಡುಗಿಗೆ ಅಷ್ಟೂ ಜಂಬ ಇಲ್ಲದಿದ್ದರೆ ಹೇಗೆ ಹೇಳಿ? ದೆವ್ವದ ಮೇಲೆ ಈಗಲೂ ನಂಬಿಕೆ ಬಂದಿಲ್ಲ. ಆದರೆ ಚೀನಾ ಯುದ್ಧದ ವರ್ಷ ಹೊಂಗಡಹಳ್ಳದ ನಮ್ಮ ತೋಟದಲ್ಲಿ ನಡೆದದ್ದಕ್ಕೆ ಏನೆನ್ನಬೇಕೋ ತಿಳಿಯದು.

ನನ್ನಣ್ಣ ವಾಯುಪಡೆಯಲ್ಲಿ ಪೈಲಟ್. ಮುಂದೆ ಏರ್ ಮಾರ್ಷಲ್ ಆಗಿ, ಎದೆ ತುಂಬ ಪದಕ ತೊಟ್ಟು ನಿವೃತ್ತನಾದ. ಆಗಿನ್ನೂ ಸಣ್ಣ ಅಧಿಕಾರಿ. ಗಡಿಯ ಬೆಟ್ಟಗಳಲ್ಲಿದ್ದ ಸೈನಿಕರಿಗೆ ವಿಮಾನದಲ್ಲಿ ದವಸಧಾನ್ಯ ಒಯ್ಯುತ್ತಿದ್ದ. ಬಹಳ ದಿನಗಳಿಂದ ಅವನ ಸುದ್ದಿಯೇ ಇರಲಿಲ್ಲ. ರಜೆಗೆ ಬಂದಿದ್ದ ನಾನೂ ಸೇರಿ ಮನೆಯವರೆಲ್ಲ ದಿನವೂ ಅಂಚೆಯವನ ದಾರಿ ಕಾಯುತ್ತಿದ್ದೆವು.

ಕಾಫಿ ಕುಯ್ಲು ಶುರುವಾಗಿ, ಮನೆ ಮುಂದಿನ ಕಣದ ತುಂಬ ಹಸಿ ಹಣ್ಣು ಒಣಗಲು ಹರಡಿತ್ತು. ಒಳ್ಳೆ ಬಿಸಿಲಿನ ಮಧ್ಯಾಹ್ನ. ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಬಿಸಾಡಿ ಹೊರಗೋಡಿ ಬಂದಳು.

“ಕಣ ಖಾಲಿ ಮಾಡ್ರೋ, ಬೇಗ! ನನ್ ಮಗ ಇಳಿಯಾಕೆ ಜಾಗ ಇಲ್ಲ!”

ಆಳುಗಳು ಮುಖಮುಖ ನೋಡಿಕೊಂಡರು. ಅಪ್ಪ ರೇಗಿದರು. “ತಲೆ ನೆಟ್ಟಗೈತೇನೇ ನಿಂಗೆ? ಹಸಿ ಹಣ್ಣು ಗುಡ್ಡೆ ಹಾಕಿದ್ರೆ ಬೂಷ್ಟು ಹಿಡ್ದು ಹಾಳಾಗೋಯ್ತದೆ!”

“ಕಾಫಿ ಮುಂದಿನ್ ವರ್ಷನೂ ಬಿಡ್ತದೆ ಕಣ್ರೀ. ಮಗ ಹೋದ್ರೆ ಬತ್ತಾನಾ?”

ಅಪ್ಪ ಪಂಚೆ ಎತ್ತಿ ಕಟ್ಟಿದರು. ತಾವೇ ಮುಂದಾಗಿ ಹಣ್ಣು ಎಳೆಯತೊಡಗಿದರು. ಎಲ್ಲರೂ ಸೇರಿ ಬಳಿದು ಗುಡ್ಡೆ ಹಾಕಿದೆವು. ಅವ್ವ ಪೊರಕೆ ಹಿಡಿದು ಕಣವನ್ನೆಲ್ಲ ಗುಡಿಸಿ, ಅಂಚಿನ ಬೇಲಿಗೆ ತನ್ನ ಕೆಂಪು ಸೀರೆ ಹರವಿದಳು. ಅಣ್ಣ ರಜೆಗೆ ಬರುವ ದಿನ ದೂರದಿಂದಲೇ ಮನೆ ಕಾಣಲೆಂದು ಯಾವಾಗಲೂ ಹಾಗೆ ಹರವುತ್ತಿದ್ದಳು. ಆಮೇಲೆ ಜಗಲಿಯಲ್ಲಿ ಕೂತು ಆಕಾಶ ನೋಡಿದಳು. ಸುಮಾರು ಹೊತ್ತಾದ ಮೇಲೆ “ಇಳ್ದ” ಎಂದು ಉಸಿರುಬಿಟ್ಟು, ನನ್ನಿಂದ ನೀರು ತರಿಸಿಕೊಂಡು ಗಟಗಟ ಕುಡಿದಳು. ಅವ್ವನಿಗೆ ಭ್ರಮೆ ಹಿಡಿಯಿತೆಂದೇ ನಾನು ಹೆದರಿದೆ.

ಯುದ್ಧ ಮುಗಿದು ಅಣ್ಣ ಬಂದ. ಬಾಗಿಲಲ್ಲಿ ಅವನನ್ನು ಕಂಡಾಗ ಆದ ನೆಮ್ಮದಿಯನ್ನು ಹೇಗೆ ಹೇಳಲಿ? ನಾನು ನಗುತ್ತಲೇ ಅತ್ತುಬಿಟ್ಟೆ. ಊಟಕ್ಕೆ ಕೂತಾಗ, ನಾವು ಏನನ್ನೂ ಹೇಳುವ ಮೊದಲೇ ಅವನೇ ಶುರುಮಾಡಿದ.

“ಮೋಡದೊಳಗೆ ಎಂಜಿನ್ ಕೆಟ್ಟೋಯ್ತು ಕಣವ್ವ. ಸುತ್ತ ಬೆಟ್ಟ, ಕೆಳಗೆ ಏನೂ ಕಾಣಾಕಿಲ್ಲ. ಕತೆ ಮುಗೀತು ಅಂದ್ಕಂಡೆ. ಆಗ ಒಂದ್ಕಡೆ ಮೋಡ ಬಿಡ್ತು ನೋಡು. ಗುಡಿಸಿಟ್ಟಂಗೆ ಚೊಕ್ಕ ನೆಲ, ಅಂಚಲ್ಲಿ ಕೆಂಪು ಬಟ್ಟೆ. ಥೇಟ್ ನಮ್ ಕಣನೇ! ಅಲ್ಲಿಗೇ ಇಳಿಸ್ಬುಟ್ಟೆ.”

ಅದು ಹೊಳೆದಂಡೆಯ ಮರಳಂತೆ. ಇಳಿದು ಹುಡುಕಿದರೆ ಕೆಂಪು ಬಟ್ಟೆ ಎಲ್ಲೂ ಇರಲಿಲ್ಲವಂತೆ. ಯಾವತ್ತು ಎಂದು ಅಪ್ಪ ಮೆಲ್ಲಗೆ ಕೇಳಿದರು. ಅದೇ ದಿನ, ಅದೇ ಮಧ್ಯಾಹ್ನ. ಅವ್ವ ಮಾತ್ರ ಏನೂ ಆಗದವಳಂತೆ ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು. ಬೂಷ್ಟು ಹಿಡಿದ ಕಾಫಿಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಅಣ್ಣ ನಿವೃತ್ತನಾದ ಮೇಲೆ ಒಮ್ಮೆ, ಅದು ಹೇಗೆ ಸಾಧ್ಯವಾಯಿತೆಂದು ಅವನನ್ನು ಕೇಳಿದೆ. “ನೀನೇ ಅಲ್ವೇ ವಿಜ್ಞಾನ ಓದಿದೋಳು? ನೀನೇ ಹೇಳು ಮಾರಾಯ್ತಿ” ಎಂದು ನಕ್ಕ. ದೊಡ್ಡ ದೊಡ್ಡ ವಿಮಾನ ನಿಲ್ದಾಣಗಳನ್ನು ಆಳಿದ ಆ ಏರ್ ಮಾರ್ಷಲ್, ಅವ್ವ ಹೋದ ಮೇಲೂ ಪ್ರತಿ ಕುಯ್ಲಿಗೆ ಬಂದು ಕಣದ ಒಂದು ಮೂಲೆಯನ್ನು ತನ್ನ ಕೈಯಾರೆ ಗುಡಿಸಿ ಖಾಲಿ ಬಿಡುತ್ತಾನೆ. ನನಗೂ ಅಲ್ಲಿ ಕಾಫಿ ಹರಡಲು ಕೈ ಬರುವುದಿಲ್ಲ.