ಲೇಬಲ್ ಕೀಳದ ಟ್ಯಾಬ್

ರಾಯದುರ್ಗದಲ್ಲಿ ಯಾರ ಕೈಗೆ ಹೊಸ ಪ್ಯಾಂಟು ಕೊಟ್ಟರೂ ಮೊದಲು ಅದನ್ನು ತಿರುವಿ ಹಾಕಿ ಒಳಗಿನ ಹೊಲಿಗೆ ನೋಡುತ್ತಾರೆ. ಹೊರಗಿನ ಬಣ್ಣ, ಗುಂಡಿ, ಜೇಬಿನ ಮೇಲಿನ ಕಸೂತಿ ಯಾವುದನ್ನೂ ನಂಬುವುದಿಲ್ಲ. ಬೀದಿಗೊಂದು ಜೀನ್ಸ್ ಹೊಲಿಯುವ ಯೂನಿಟ್ ಇರುವ ಊರಿನಲ್ಲಿ ನಂಬಿಕೆ ಎಲ್ಲಿಂದ ಬರಬೇಕು? ನಮ್ಮದೂ ಒಂದು ಸಣ್ಣ ಯೂನಿಟ್ಟೇ. ಒಂದೇ ಥಾನಿನ ಬಟ್ಟೆ, ಒಂದೇ ಕತ್ತರಿ, ಒಂದೇ ದಾರ. ಮೂವರು ವ್ಯಾಪಾರಿಗಳು ಬಂದು ತಮ್ಮ ತಮ್ಮ ಲೇಬಲ್ ಕೊಟ್ಟು ಹೋಗುತ್ತಾರೆ, ಅಂಗಡಿ ಸೇರಿದ ಮೇಲೆ ಒಂದೇ ಪ್ಯಾಂಟಿಗೆ ಮೂರು ಬೆಲೆ. ಮದುವೆಯಾಗಿ ಮಡಕಶಿರದಿಂದ ಇಲ್ಲಿಗೆ ಬಂದ ನನಗೆ ಇಲ್ಲಿನ ‘ರೀ’ ನಾಲಿಗೆಗೆ ಹತ್ತುವ ಮುಂಚೆಯೇ ಇಲ್ಲಿನ ಅನುಮಾನ ಹತ್ತಿತ್ತು.

ಇಂಥವಳು ಹೋದ ವರ್ಷ ಒಂದು ಸಣ್ಣ ಟ್ಯಾಬ್ ಕೊಳ್ಳಬೇಕಾಗಿ ಬಂತು. ನನಗಲ್ಲ, ಮಡಕಶಿರದಲ್ಲೇ ಉಳಿದಿರುವ ನನ್ನ ಅಕ್ಕನಿಗೆ.

ಅಕ್ಕನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹುಳುಗಳು ಬಲಿತು ಸೊಪ್ಪು ಮೇಯುವಾಗ ಹುಳುಮನೆಯ ತುಂಬ ಜಿಟಿಜಿಟಿ ಮಳೆಯ ಸದ್ದು. ಬಾಗಿಲಲ್ಲಿ ನಿಂತು ಆ ಸದ್ದು ಕೇಳಿಯೇ ಸೊಪ್ಪು ಸಾಕೋ ಬೇಕೋ ಎಂದು ಅಕ್ಕ ಹೇಳಿಬಿಡುತ್ತಿದ್ದಳು. ಒಂದು ಸಲ, ‘ಯಾಕೋ ಈ ಬೆಳೆ ಹುಳ ಮೇಯ್ತಾನೇ ಇಲ್ಲ’ ಎಂದು ಕೊರಗಿದಳಂತೆ. ಹುಳುಗಳು ಚೆನ್ನಾಗಿಯೇ ಮೇಯುತ್ತಿದ್ದವು. ಹೋಗಿದ್ದು ಅಕ್ಕನ ಕಿವಿ. ಅದು ಮನೆಯವರಿಗೆ ಅರ್ಥವಾಗುವ ಹೊತ್ತಿಗೆ ಬಹಳ ತಡವಾಗಿತ್ತು. ಹಿಂದೂಪುರದ ಡಾಕ್ಟರು ಕಿವಿಗೆ ಮಿಷನ್ ಹಾಕಿಕೊಟ್ಟರು, ಅದು ಸೀಟಿ ಹೊಡೆಯುತ್ತದೆಂದು ಅಕ್ಕ ಬಿಚ್ಚಿ ಕುಂಕುಮದ ಡಬ್ಬಿಯ ಪಕ್ಕ ಇಟ್ಟುಬಿಟ್ಟಳು. ಈಗ ಎದುರಿಗೆ ಕೂತವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ಓದಲು ಬರುವುದು ಬಸ್ಸಿನ ಬೋರ್ಡಿನಷ್ಟು ಮಾತ್ರ, ಹಾಗಾಗಿ ಮೆಸೇಜು ಕಳಿಸಿ ಪ್ರಯೋಜನವಿಲ್ಲ.

ಅಮ್ಮ ತೀರಿಕೊಂಡ ಮೇಲೆ ನನಗೆ ತವರು ಅಂತ ಉಳಿದದ್ದು ಅಕ್ಕನ ದನಿ. ದಿನಾ ಬೆಳಿಗ್ಗೆ ಸಾರು ಕುದಿಯುವಷ್ಟು ಹೊತ್ತು ಇಬ್ಬರೂ ಫೋನಿನಲ್ಲಿ ಹರಟುತ್ತಿದ್ದೆವು. ಆಮೇಲಾಮೇಲೆ ಅಕ್ಕ ‘ಹಲೋ, ಹಲೋ’ ಎಂದು ಕೂಗಿ ಕಟ್ ಮಾಡತೊಡಗಿದಳು. ನಂತರ ಫೋನ್ ಮಾಡುವುದನ್ನೇ ಬಿಟ್ಟಳು. ಕಿವಿ ಹೋಗಿದೆ, ಸರಿ. ಆದರೆ ನಾನು ಊರಿಗೆ ಹೋದರೂ ಬಂದಿದ್ದಕ್ಕೆ ಕಾಫಿ, ಹೊರಟಿದ್ದಕ್ಕೆ ಕುಂಕುಮ, ಅಷ್ಟೇ. ನಡುವೆ ಮಾತಿಲ್ಲ. ಅಕ್ಕನಿಗೆ ಕೋಪ ಬಂದರೆ ಮುಖ ತಿರುಗಿಸುತ್ತಾಳೆ. ತುಟಿ ಓದುವವಳು ಮುಖ ತಿರುಗಿಸಿದರೆ ಎದುರಿನವರು ಏನು ಹೇಳಿದರೂ ಗೋಡೆಗೆ ಹೇಳಿದ ಹಾಗೆ. ಯಾವುದೋ ಮಾತು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ ಎಂಬ ಗುಮಾನಿ ನನಗಿತ್ತು. ಏನು ಅಂತ ತಿಳಿಯದೆ ನಾನೂ ಒಳಗೊಳಗೇ ಸಿಟ್ಟಾಗಿದ್ದೆ, ಅಳುವೂ ಬರುತ್ತಿತ್ತು.

ವಿಡಿಯೊ ಕಾಲ್ ಮಾಡಿ ನೋಡಿದ್ದಾಗಿತ್ತು. ಅವರ ಮನೆಯ ಫೋನಿನಲ್ಲಿ ನನ್ನ ಬಾಯಿ ತೊಗರಿಬೇಳೆಯಷ್ಟು ಕಾಣುತ್ತಿತ್ತಂತೆ. ದೊಡ್ಡ ಟ್ಯಾಬು ಸೊಪ್ಪು ಕತ್ತರಿಸಿ ಸೋತ ಅವಳ ಮಣಿಕಟ್ಟಿಗೆ ಭಾರ. ಒಂದು ಕೈಯಲ್ಲಿ ಹಿಡಿಯುವಂಥ ಹೊಸ ಸಣ್ಣ ಟ್ಯಾಬುಗಳು ಬಂದಿವೆ ಎಂದು ಕೇಳಿ ಬಜಾರಿನ ಅಂಗಡಿಗೆ ಹೋದೆ.

ಅಂಗಡಿಯವನು ಎರಡು ಟ್ಯಾಬ್ ತಂದು ಮುಂದಿಟ್ಟ. ಅದೇ ಅಳತೆ, ಅದೇ ಬಣ್ಣ. ಬೆಲೆಯಲ್ಲಿ ಮಾತ್ರ ಅರ್ಧಕ್ಕರ್ಧ ವ್ಯತ್ಯಾಸ.

“ಇದಕ್ಕೂ ಅದಕ್ಕೂ ಏನ್ ಫರಕ್ ಐತ್ರಿ?” ಎಂದೆ.

“ಒಳಗ ಬ್ಯಾರೆ ಐತ್ರಿ ಅಕ್ಕಾ.”

“ಹಂಗಾದ್ರ ಒಳಗ ತೋರಸ್ರಿ.”

ಅವನು ನಕ್ಕ. “ಬಿಚ್ಚಿದ್ರ ವಾರಂಟಿ ಹೋಗತೈತ್ರಿ.”

ಒಳಗೆ ನೋಡಿದರೆ ಗ್ಯಾರಂಟಿ ಇಲ್ಲ ಎನ್ನುವ ಸಾಮಾನನ್ನು ನಾನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದೆ. ತಿರುವಿ ತಿರುವಿ ನೋಡಿದೆ, ಒಂದು ಕಡೆಯೂ ಹೊಲಿಗೆಯಿಲ್ಲ, ಸ್ಕ್ರೂ ಇಲ್ಲ, ಉಗುರು ತೂರಿಸಲೂ ಸಂದಿಲ್ಲ. ಅಗ್ಗದ್ದರ ಬೆಲೆ ಹತ್ತು ಸಾವಿರಕ್ಕೆ ಒಂದೇ ರೂಪಾಯಿ ಕಡಿಮೆ. ಆ ಒಂದು ರೂಪಾಯಿಯ ಆಟ ನಮಗೆ ಗೊತ್ತಿಲ್ಲವೇ, ನಾವು ಹೊಲಿದ ಪ್ಯಾಂಟಿನ ಮೇಲೂ ಅದೇ ಚೀಟಿ ನೇತಾಡುತ್ತದೆ. ಅವನು ಬ್ಯಾಟರಿ, ಕ್ಯಾಮೆರಾ, ಸ್ಪೀಕರು, ಮೆಮರಿ ಎಂದು ಬಾಯಿಪಾಠ ಒಪ್ಪಿಸಿದ. ಇಷ್ಟೆಲ್ಲ ಇದ್ದೂ ಇಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಕವರು ಪುಕ್ಕಟೆ ಎಂದಾಗ ನನ್ನ ಅನುಮಾನ ಇಮ್ಮಡಿಯಾಯಿತು. ಚೌಕಾಸಿಗೆ ಒಂದು ಪೈಸೆ ಇಳಿಯದವನು ಕವರು ಪುಕ್ಕಟೆ ಕೊಡುತ್ತಾನೆಂದರೆ ಅದರ ದುಡ್ಡು ಎಲ್ಲೋ ಸೇರಿಸಿರಲೇಬೇಕು.

ಪಕ್ಕದಲ್ಲಿ ನಿಂತಿದ್ದ ಬೊಮ್ಮನಹಾಳ್ ಕಡೆಯ ರೈತನೊಬ್ಬ ತನ್ನಷ್ಟಕ್ಕೆ, “ಇಂಥವು ನಾವು ಮನ್ಯಾಗ ಮಾತಾಡಿದ್ದೆಲ್ಲ ಕೇಳಸ್ಕೊಂತಾವಂತ್ರಿ” ಎಂದ. ನಮ್ಮ ಅಕ್ಕನ ಮನೆಯಲ್ಲಿ ಕೇಳಿಸಿಕೊಳ್ಳಲು ಒಂದಾದರೂ ಇರಲಿ ಎಂದುಕೊಂಡೆ.

ಕೊನೆಗೆ ಅಗ್ಗದ್ದನ್ನೇ ಕೊಂಡೆ. ಅಂಗಡಿಯವನು ಡಬ್ಬಿ ಒಡೆದು ಎಲ್ಲ ಸರಿಮಾಡಿ ಕೊಡುತ್ತೇನೆಂದ. “ಸೀಲ್ ಮುಟ್ಟಬ್ಯಾಡ್ರಿ” ಎಂದು ಗದರಿ, ಮುಚ್ಚಿದ ಡಬ್ಬಿಯನ್ನೇ ಎತ್ತಿಕೊಂಡು ಬಂದೆ. ಸರಿಯಿಲ್ಲದಿದ್ದರೆ ವಾರದೊಳಗೆ ವಾಪಸ್ ತರಬಹುದು, ಆದರೆ ಹೊಸದು ಹೊಸದರ ಹಾಗೇ ಇರಬೇಕು ಎಂದಿದ್ದ.

ಯೂನಿಟ್ಟಿಗೆ ಬಂದು ಬೆಲೆ ಹೇಳಿದಾಗ ಮಿಷನ್ನುಗಳೆಲ್ಲ ಒಂದೊಂದಾಗಿ ನಿಂತವು. ಗುಂಡಿ ಹಾಕುವ ಹೆಂಗಸು ತೆಲುಗಿನಲ್ಲಿ, “ಇಂತ ಚೌಕಗಾ? ಏದೋ ಮೋಸಂ ಉಂದಕ್ಕಾ” ಎಂದಳು, ಇಷ್ಟು ಅಗ್ಗವೆಂದರೆ ಏನೋ ಮೋಸವಿದೆ ಅಂತ. ನಮ್ಮ ಕಟಿಂಗ್ ಮಾಸ್ತರು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, “ಸೋವಿ ಐತೆಂದ್ರ ಬಟ್ಟಿಯೊಳಗ ಏನೋ ಕಡಿಮಿ ಮಾಡಿರ್ತಾರ್ರಿ. ಮೊದಲ್ನೇ ನೀರಿಗೆ ಗೊತ್ತಾಗತೈತಿ” ಎಂದು ತೀರ್ಪು ಕೊಟ್ಟರು. ಟ್ಯಾಬನ್ನು ಯಾರೂ ನೀರಿಗೆ ಹಾಕುವುದಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ, ಅವರ ಮಾತು ನನ್ನ ಮನಸ್ಸಿನದೇ ಆಗಿತ್ತು.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಲೇಬಲ್ ಇರುವ ತನಕ ಮಾಲು ಅಂಗಡಿಯದು, ಕಿತ್ತ ಕ್ಷಣ ನಮ್ಮದು. ಎಷ್ಟೇ ಕೊಳೆತ ಬಟ್ಟೆಯಾದರೂ ಲೇಬಲ್ ಕಿತ್ತು ತಂದರೆ ವ್ಯಾಪಾರಿ ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಮಿಕ್ಸಿಯ ಮೇಲೂ ಚೀಟಿ, ಫ್ರಿಜ್ಜಿನ ಮೇಲೂ ಪ್ಲಾಸ್ಟಿಕ್ಕು, ನಂಬಿಕೆ ಕುದುರುವ ತನಕ. ಆ ವಾರವೇ ಅಕ್ಕನ ಸೊಸೆ ಮದುವೆಯೊಂದಕ್ಕೆ ಕಲ್ಯಾಣದುರ್ಗಕ್ಕೆ ಬಂದಿದ್ದಳು. ನಾನೇ ಅಲ್ಲಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿಯನ್ನು ಅವಳ ಕೈಗಿಟ್ಟು, “ಸಿಮ್ ಹಾಕು, ಚಾರ್ಜ್ ಮಾಡು. ಮೇಲಿನ ಪ್ಲಾಸ್ಟಿಕ್ಕು, ಚೀಟಿ ಒಂದನ್ನೂ ಕೀಳ್ಬೇಡ. ನಾನು ಹೇಳೋ ತನಕ ಕೀಳ್ಬೇಡ” ಎಂದು ಎರಡೆರಡು ಸಲ ಹೇಳಿದೆ. ಒಳ್ಳೆಯ ಹುಡುಗಿ, ತಲೆಯಾಡಿಸಿದಳು.

ಮಾರನೆಯ ದಿನ ನನ್ನ ಫೋನಿನಿಂದ ಕಾಲ್ ಮಾಡಿದೆ. ಅಕ್ಕನ ಮುಖ ಬಂತು. ಎಷ್ಟೋ ತಿಂಗಳ ಮೇಲೆ ಅವಳು ನನ್ನ ಕಡೆಗೇ ನೋಡುತ್ತಿದ್ದಳು. ಆದರೆ ಅವಳು ಕಣ್ಣು ಕಿರಿದು ಮಾಡಿದಳು.

“ಬಾಯಿ ಕಾಣಾಕಿಲ್ಲ ಕಣೇ” ಎಂದಳು.

ಕಿಟಕಿಯ ಹತ್ತಿರ ಹೋದೆ. ಕ್ಯಾಮೆರಾವನ್ನು ಸೆರಗಿನಿಂದ ಒರೆಸಿದೆ. ಫೋನು ಮುಖದ ಹತ್ತಿರ ತಂದೆ, ದೂರ ಹಿಡಿದೆ.

“ಕಣ್ಣು ಕಾಣ್ತದೆ, ಹಣೆ ಕಾಣ್ತದೆ. ಬಾಯಿಗೆ ಏನ್ ಅಡ್ಡ ಇಟ್ಕಂಡಿದೀಯ? ನಂತಾವ ಏನ್ ಮುಚ್ಚಿಡ್ತಿದೀಯ ನೀನು?”

ನಾನು ಏನು ಹೇಳಿದರೂ ಅವಳಿಗೆ ತಿಳಿಯಲಿಲ್ಲ. ಅವಳ ಮುಖ ಬಿಗಿಯಿತು, ಟ್ಯಾಬನ್ನು ಸೊಸೆಯ ಕೈಗೆ ಕೊಟ್ಟು ಎದ್ದು ಹೋದಳು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಟ್ಯಾಬನ್ನು ಕೈಗೆ ತೆಗೆದುಕೊಳ್ಳಲೇ ಒಪ್ಪಲಿಲ್ಲವಂತೆ.

ಯೂನಿಟ್ಟಿನಲ್ಲಿ ಎಲ್ಲರಿಗೂ ಒಳಗೊಳಗೇ ಖುಷಿ. ನಮ್ಮ ಅನುಮಾನ ನಿಜವಾದಾಗ ನಮಗಾಗುವ ಸಂತೋಷ ಬೇರೆಯೇ. “ಹೇಳಿದ್ನೆಲ್ರೀ, ಅರ್ಧಾ ಮುಖ ತೋರಸೋದು ಅಷ್ಟ ರೊಕ್ಕಕ್ಕ, ಪೂರಾ ಮುಖಕ್ಕ ಆ ದುಬಾರಿದು ತಗೋಬೇಕಿತ್ತು” ಎಂದರು ಮಾಸ್ತರು. ಈಗ ನಗು ಬರುತ್ತದೆ, ಆಗ ಆ ಮಾತು ನನಗೆ ನ್ಯಾಯವಾಗಿಯೇ ಕಂಡಿತ್ತು. ಅಂಗಡಿಗೆ ಹೋಗಿ ಕೂಗಾಡಿದೆ. ಅವನು ಎದುರಾಡಲಿಲ್ಲ, “ತಗೊಂಡ್ ಬರ್ರಿ ಅಕ್ಕಾ, ನೋಡೋಣು” ಎಂದ. ಅಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ, ಇದರಲ್ಲೂ ಏನೋ ಇದೆ ಎಂದುಕೊಂಡು ಮನೆಗೆ ಬಂದೆ. ವಾರ ಮುಗಿಯುವುದರಲ್ಲಿತ್ತು. ಬೆಳಿಗ್ಗೆ ಎದ್ದವಳೇ ಕಲ್ಯಾಣದುರ್ಗದ ಮೇಲೆ ಹೋಗುವ ಬಸ್ಸು ಹತ್ತಿ, ಪಾವಗಡದಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿದು, ಬಿಲ್ಲನ್ನು ಪರ್ಸಿನಲ್ಲಿ ಭದ್ರ ಮಾಡಿಕೊಂಡು ಮಡಕಶಿರಕ್ಕೆ ಹೋದೆ.

ಅಕ್ಕ ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ, “ಬಂದ್ಯಾ” ಎಂದು ಮುಖವನ್ನು ಸೊಪ್ಪಿನ ಕಡೆಗೆ ತಿರುಗಿಸಿದಳು. ಎದುರಿಗೆ ಕೂತು ಮೊಣಕಾಲು ಅಲುಗಿಸಿದೆ, ತಲೆಯೆತ್ತಲಿಲ್ಲ. ಈ ಹಟವೂ ನಮ್ಮ ವಂಶದ್ದೇ. ಸೊಸೆ ಗೋಡೆಯ ಗೂಡಿನಿಂದ ಟ್ಯಾಬ್ ತಂದುಕೊಟ್ಟಳು.

ಕೈಗೆ ತೆಗೆದುಕೊಂಡು ನೋಡಿದೆ. ಗಾಜಿನ ಮೇಲೆ ಕಾರ್ಖಾನೆಯಲ್ಲಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅದರ ಮೇಲೆ ಅರ್ಧದಿಂದ ಕೆಳಕ್ಕೆ ದಪ್ಪ ಕಪ್ಪು ಇಂಗ್ಲಿಷ್ ಅಕ್ಷರಗಳು, ಬ್ಯಾಟರಿಯ ಚಿತ್ರ, ಕ್ಯಾಮೆರಾದ ಚಿತ್ರ, ಸ್ಪೀಕರಿನ ಚಿತ್ರ. ಅಂಗಡಿಯವನು ಬಾಯಿಪಾಠ ಒಪ್ಪಿಸಿದ್ದೆಲ್ಲ ಅಲ್ಲಿ ಅಚ್ಚಾಗಿತ್ತು. ಸೊಸೆಯ ಫೋನಿನಿಂದ ಕಾಲ್ ಮಾಡಿಸಿ ನೋಡಿದೆ. ಅವಳ ಕಣ್ಣು ಮೂಗು ಸರಿಯಾಗಿ ಕಂಡವು, ಬಾಯಿ ಇರಬೇಕಾದ ಜಾಗದಲ್ಲಿ ಬ್ಯಾಟರಿಯ ಹೊಗಳಿಕೆ ಸಾಲಾಗಿ ನಿಂತಿತ್ತು.

“ಇದನ್ನ ಯಾಕೆ ಕಿತ್ತಿಲ್ಲ?” ಎಂದೆ.

“ಚಿಕ್ಕತ್ತೆ, ಕೀಳ್ಬೇಡ ಅಂತ ನೀವೇ ಹೇಳಿದ್ರಲ್ಲ” ಎಂದಳು ಹುಡುಗಿ, ಅಳುವ ದನಿಯಲ್ಲಿ. “ಅತ್ತೆ ಕೀಳಾಕೆ ಬಂದ್ರು, ನಾನೇ ಬಿಡ್ಲಿಲ್ಲ. ನೀವೇ ಬೇಡ ಅಂದಿದೀರ ಅಂದಿದ್ಕೇ ಅವ್ರಿಗೆ ಸಿಟ್ಟು.”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆದರೂ ನನ್ನ ಬುದ್ಧಿ ನೋಡಿ, ಹಾಳೆಯ ಮೂಲೆಗೆ ಉಗುರು ಕೊಟ್ಟವಳು ಅಲ್ಲೇ ನಿಂತೆ. ಕಿತ್ತರೆ ವಾಪಸ್ ಇಲ್ಲ. ಕಿತ್ತ ಮೇಲೂ ಕಾಣದಿದ್ದರೆ? ಅಕ್ಕ ಕಣ್ಣಂಚಿನಲ್ಲಿ ನನ್ನ ಉಗುರನ್ನೇ ನೋಡುತ್ತಿದ್ದಳು. ಹಾಳಾಗಿ ಹೋಗಲಿ ಎಂದು ಎಳೆದೆ. ಹಾಳೆ ಪರ್ರನೆ ಬಂತು. ಟ್ಯಾಬನ್ನು ಅಕ್ಕನ ತೊಡೆಯ ಮೇಲೆ, ಸೊಪ್ಪಿನ ನಡುವೆ ಇಟ್ಟು, ನನ್ನ ಫೋನು ಹಿಡಿದು ಹಿತ್ತಲಿಗೆ ಹೋದೆ.

ಹಿತ್ತಲಲ್ಲಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದರು. ಅವುಗಳ ಮುಂದೆ ನಿಂತು ಕಾಲ್ ಮಾಡಿದೆ. ಗೋಡೆಯಾಚೆ ಅಕ್ಕ, ಕೈಯಲ್ಲಿ ಅಕ್ಕನ ಮುಖ. ಮೊದಲು ಬೇಡವೆಂಬಂತೆ ನೋಡಿದವಳು ಆಮೇಲೆ ಟ್ಯಾಬನ್ನು ಹತ್ತಿರ ಹಿಡಿದಳು.

“ಕಾಣ್ತದಾ?” ಎಂದೆ.

“ಕಾಣ್ತದೆ. ಹಲ್ಲಿಗೆ ಕೊತ್ಮಿರಿ ಸೊಪ್ಪು ಸಿಕ್ಕೈತೆ.”

ನಾನು ನಕ್ಕೆ, ಅವಳು ನಗಲಿಲ್ಲ. ಅವಳ ಕಣ್ಣು ನನ್ನ ತುಟಿಯ ಮೇಲೆಯೇ ಇತ್ತು.

“ಒಂದ್ ಮಾತ್ ಕೇಳ್ತೀನಿ, ನಿಜ ಹೇಳ್ಬೇಕು” ಎಂದಳು. ಅವಳ ದನಿ ಫೋನಿನಿಂದಲೂ ಬಂತು, ಗೋಡೆಯಾಚೆಯಿಂದಲೂ ಬಂತು. “ಕಿವಿ ಹೋಗೈತೆ ಅಂತ ನಂಗೇ ಗೊತ್ತಾಗಾಕೆ ಮುಂಚೆ. ಅಮ್ಮನ ವಿಚಾರ ಎತ್ತಿದ್ರೆ, ಅಳ್ತಾ ಏನಾರಾ ಹೇಳಿದ್ರೆ, ನೀನು ಫೋನ್ನಾಗೆ ಉಸಿರೇ ಎತ್ತುತಿರ್ಲಿಲ್ಲ. ಹಲೋ ಹಲೋ ಅಂತ ಕೂಗಿ ಕೂಗಿ ನಾನೇ ಇಟ್ಬಿಡ್ತಿದ್ದೆ. ಯಾಕೆ ಸುಮ್ಕಿರ್ತಿದ್ದೆ? ನಾನೇನ್ ಮಾಡಿದ್ದೆ ನಿಂಗೆ?”

ಇಷ್ಟು ದಿನ ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದು ಇದು. ಬಾವಿಕಟ್ಟೆಯ ಮೇಲೆ ಕೂತೆ. ಫೋನನ್ನು ಬೆಳಕಿಗೆ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದೆ.

“ಸುಮ್ನಿರ್ಲಿಲ್ಲ ಅಕ್ಕ. ಅಮ್ಮನ ವಿಚಾರ ಬಂದ್ರೆ ನನ್ ದನಿ ಇಳೀತಿತ್ತು, ಅಷ್ಟೇ. ಮಾತಾಡ್ತಾನೇ ಇದ್ದೆ.”

“ಇನ್ನೊಂದ್ ಸಲ ಹೇಳು.”

“ಮಾತಾಡ್ತಾನೇ ಇದ್ದೆ. ನೀನ್ ಇಟ್ಟ್ ಮೇಲೂ ಮಾತಾಡ್ತಿದ್ದೆ.”

ಅವಳ ಮುಖ ಸರಿಯಿತು. ಫೋನಿನಲ್ಲಿ ಮನೆಯ ತೊಲೆ, ಹೆಂಚು ಕಂಡವು. ಇವಳು ಮತ್ತೆ ಎದ್ದುಹೋದಳು ಎಂದು ಅಷ್ಟರಲ್ಲೇ ನನಗೆ ಅನುಮಾನ. ಇಲ್ಲ, ಸೆರಗಿನಿಂದ ಗಾಜು ಒರೆಸುತ್ತಿದ್ದಳು. ಮುಖ ವಾಪಸ್ ಬಂತು, ಕಣ್ಣು ಒದ್ದೆಯಾಗಿತ್ತು. ಟ್ಯಾಬನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ಹಂಗಾರೆ ಅವತ್ತು ಹೇಳಿದ್ದೆಲ್ಲ ಈಗ ಹೇಳು” ಎಂದಳು. “ನಿಧಾನಕ್ಕೆ ಹೇಳು.”