ಖಾರವಿಲ್ಲದ ಊರಿನ ಮೆಣಸಿನಕಾಯಿ

ನಾನೀಗಿರುವ ಮೆಲ್ಬರ್ನಿನಲ್ಲಿ ಬೇಸಿಗೆ ರಜೆ ಬರುವುದು ಡಿಸೆಂಬರಿನಲ್ಲಿ. ಪಾಸ್‌ಪೋರ್ಟ್ ಬದಲಾಗಿ ಎಷ್ಟೋ ವರ್ಷವಾಯಿತು; ಮೈಗೆ ಮಾತ್ರ ಯಾರೂ ತಿಳಿಸಿಲ್ಲ. ಏಪ್ರಿಲ್ ಬಂತೆಂದರೆ, ಹೊರಗೆ ಎಲೆ ಉದುರುತ್ತಿದ್ದರೂ, ಅದು ಸೀನಲು ಶುರುಮಾಡುತ್ತದೆ. ಬ್ಯಾಡಗಿಯಲ್ಲಿ ರಜೆ ಆರಂಭವಾಗುತ್ತಿದ್ದದ್ದೇ ಮೆಣಸಿನಕಾಯಿಯ ಸೀನಿನಿಂದ.

ಎಂಬತ್ತರ ದಶಕದ ಕೊನೆ ಇರಬೇಕು. ಹಾವೇರಿಯಲ್ಲಿ ಶಾಲೆ ಮುಚ್ಚಿದೊಡನೆ ನಾನು, ತಂಗಿ ಸುಮಿ ಬ್ಯಾಡಗಿಯ ಅಜ್ಜಿಯ ಮನೆಗೆ. ಅಂಗಳದಲ್ಲೊಂದು ಬೇವಿನ ಮರವಿತ್ತು ಎಂದು ಬರೆಯಲು ಕೈ ತುಡಿಯುತ್ತಿದೆ. ಇರಲಿಲ್ಲ. ನೆನಪು ಬಿಸಿಲು ಕಂಡಲ್ಲೆಲ್ಲ ಒಂದು ಮರ ನೆಟ್ಟುಬಿಡುತ್ತದೆ. ಇದ್ದದ್ದು ಮೆಣಸಿನಕಾಯಿಯ ರಾಶಿ, ಪಕ್ಕದಲ್ಲಿ ತೊಟ್ಟು ಮುರಿಯುತ್ತ ಕೂತ ಅಜ್ಜಿ. “ನಮ್ಮ ಕಾಯಿ ಅಂದ್ರ ಬರೇ ಬಣ್ಣ ನೋಡ್ರಿ, ಖಾರ ಅನ್ನೂದ ಇಲ್ಲ. ಕೂಸಿಗೂ ತಿನ್ನಸ್ರಿ” ಎಂದು ಪರ ಊರಿನವರಿಗೆಲ್ಲ ಹೇಳುವಳು. ಇಡೀ ಊರಿಗೇ ಆ ಜಂಬವಿತ್ತು, ನಮಗೂ.

ಆ ವರ್ಷ ರಜೆಯ ನಡುವೆಯೇ ಅಪ್ಪ ಬರುತ್ತಾನೆಂದು ಸುದ್ದಿ ಬಂತು, ನಮ್ಮನ್ನು ರಾಣೇಬೆನ್ನೂರಿನ ದೊಡ್ಡಪ್ಪನ ಮನೆಗೆ ಒಯ್ಯಲು. ದೊಡ್ಡಪ್ಪ ಗಣಿತದ ಮಾಸ್ತರು. ಅವರ ಮನೆಯಲ್ಲಿ ಮಾವಿನಹಣ್ಣನ್ನೂ ಭಿನ್ನರಾಶಿಯಲ್ಲಿ ತಿನ್ನಬೇಕು. ಇತ್ತ ಬ್ಯಾಡಗಿಯಲ್ಲಿ ಅಪ್ಪ ಬರುವ ಮರುದಿನವೇ ಶಾವಿಗೆ ಹೊಸೆಯುವುದಿತ್ತು. ಮಾಳಿಗೆಯ ಮೇಲೆ ಕೋಲುಗಳಿಗೆ ಹಸಿ ಶಾವಿಗೆ ನೇತುಹಾಕಿ, ಕಾಗೆ ಕಾಯಲು ನಮ್ಮನ್ನು ಕೂರಿಸುತ್ತಿದ್ದರು. ಕಾಗೆಗಿಂತ ಹೆಚ್ಚು ನಾವೇ ತಿನ್ನುತ್ತಿದ್ದೆವು. ಅದನ್ನು ಬಿಟ್ಟು ಹೋಗುವುದೆಂದರೇನು!

ಆಗ ಹೊಳೆದದ್ದು ಕಣ್ಣುಬೇನೆ. ಕಣ್ಣು ಕೆಂಪಾದವರನ್ನು ಯಾರೂ ಬಸ್ಸು ಹತ್ತಿಸುವುದಿಲ್ಲ. ಕೆಂಪಿಗೇನು, ರಾಶಿಯೇ ಬಿದ್ದಿತ್ತು. ಖಾರವಂತೂ ಇಲ್ಲವಲ್ಲ! ಒಂದು ಕಾಯಿಯನ್ನು ನೀರಲ್ಲಿ ನೆನೆಸಿ ರೆಪ್ಪೆಗೆ ಹಚ್ಚಿಕೊಂಡೆ.

ಕೂಗು ಪೇಟೆಯವರೆಗೂ ಕೇಳಿಸಿರಬೇಕು. ಅಜ್ಜಿ ತಣ್ಣನೆಯ ಹಾಲಿನಲ್ಲಿ ಬಟ್ಟೆ ಅದ್ದಿ ಒತ್ತುತ್ತ ಬೈದಳು: “ಖಾರ ಇಲ್ಲಂದ್ರ ನಾಲಿಗಿಗೆ ಇಲ್ಲಂದೆ, ಹುಚ್ಚವ್ವ! ಕಣ್ಣಿಗೆ ಹಚ್ಕೋ ಅಂದಿದ್ನೇನು?”

“ಮತ್ತ ಎಲ್ಲಾರಿಗೂ ಹಂಗ್ಯಾಕ ಹೇಳ್ತಿ?”

“ಮಾರಾಕ ಹೇಳ್ತೇನಿ. ನೀ ಏನ್ ಕೊಳ್ಳಾಕ ಬಂದೀಯೇನು?”

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದ. ಊದಿದ ನನ್ನ ಕಣ್ಣು ನೋಡಿದ. ಈಗ ಎಲ್ಲವೂ ಅಜ್ಜಿಯ ಬಾಯಲ್ಲಿತ್ತು. ಅವಳು ಮತ್ತೆ ತೊಟ್ಟು ಮುರಿಯಲು ಕೂತು, ತಲೆಯೆತ್ತದೆ ಹೇಳಿದಳು: “ಕಣ್‌ಬ್ಯಾನಿ ಬಂದೈತ್ರಿ, ಅಳಿಯಾರ. ಭಾಳ ನೋಡಬ್ಯಾಡ್ರಿ, ನಿಮಗೂ ಹತ್ತೀತು.”

ಅಪ್ಪ ತಟ್ಟನೆ ಗೋಡೆಯ ಕಡೆ ತಿರುಗಿದ. ಚಹಾ ಕುಡಿದದ್ದು ಗೋಡೆಯೊಂದಿಗೆ, ಬುದ್ಧಿ ಹೇಳಿದ್ದು ಗೋಡೆಗೆ. “ಸಣ್ಣಾಕಿ ಚಲೋ ಅದಾಳಲ್ರಿ, ಆಕೀನ್ನರ ಒಯ್ತೇನಿ” ಎಂದದ್ದೂ ಗೋಡೆಗೇ. ಸುಮಿ ಮೆಲ್ಲಗೆ ರಾಶಿಯತ್ತ ಕೈ ಚಾಚಿದಳು. ಅಜ್ಜಿ ಆ ಕೈಗೊಂದು ಬಿಗಿದು, “ನಾಳಿ ಆಕಿಗೂ ಬರತೈತ್ರಿ” ಎಂದಳು.

ಇಷ್ಟು ಬರೆದು ಸುಮಿಗೆ ಫೋನಿನಲ್ಲಿ ಓದಿದೆ. “ಏ ಸುಳ್ಳಬುರುಕಿ! ಹಚ್ಕೊಂಡಾಕಿ ನಾನು. ನೀ ಅಂಜಿ ಮಾಳಿಗಿ ಹತ್ತಿದ್ದಿ” ಎಂದು ತನ್ನ ಕಥೆಯನ್ನೇ ಶುರುಮಾಡಿದಳು. ಅದರಲ್ಲಿ ಹಾಲಿಲ್ಲ, ಮಜ್ಜಿಗೆ. ಅಪ್ಪ ತಿರುಗಿದ್ದು ಗೋಡೆಗಲ್ಲ, ಕಿಟಕಿಗೆ. ಕೇಳುತ್ತ ಕೇಳುತ್ತ ನನ್ನನ್ನು ಕಾಡಿದ ಭಯವೇ ಬೇರೆ: ಇವಳ ಕಥೆಯಲ್ಲಿ ಅಪ್ಪ ನಮ್ಮನ್ನು ಒಯ್ದುಬಿಟ್ಟರೆ?

ಇಲ್ಲ. ಅವಳ ಕಥೆಯಲ್ಲೂ ಅಪ್ಪ ಒಬ್ಬನೇ ಬಸ್ಸು ಹತ್ತಿದ.